ಎರಡನೆಯ ಅಳಿಯನ ಸಬ್‌ವೂಫರ್

ಷಡ್ಡಕನ ಮನೆಯಲ್ಲಿ ಉಂಡ ಊಟ ಅರಗುವುದಿಲ್ಲ ಎಂಬುದು ಬಸವಪ್ರಭುವಿನ ಹದಿನಾರು ವರ್ಷದ ಸಂಸಾರದ ಸಾರ. ಹಾಗಂತ ಅಡಿಗೆಯನ್ನು ದೂರುವಂತಿಲ್ಲ. ಹೆಂಡತಿಯ ಅಕ್ಕ ದೀಪಾಲಿ ಮಾಡಿದ ಎಣ್ಣೆಗಾಯಿಯಲ್ಲಿ ಕೊಂಕು ತೆಗೆಯುವ ಗಂಡಸು ಪುಣೆಯಲ್ಲಿ ಇನ್ನೂ ಹುಟ್ಟಿಲ್ಲ. ಊಟವಾದ ಮೇಲೆ ಅವಳ ಗಂಡ ಅಮರ ತೋರಿಸುವ ಹೊಸ ಹೊಸ ಸಾಮಾನುಗಳಿವೆಯಲ್ಲ, ಅವು ಹೊಟ್ಟೆಯಲ್ಲಿ ಕರಗುವುದಿಲ್ಲ. 2003ರ ದೀಪಾವಳಿಗೆ ಕೋಥರೂಡದ ಆ ಫ್ಲ್ಯಾಟಿನಲ್ಲಿ ತೋರಿಸಿದ್ದು ಮೂವತ್ತೆಂಟು ಸಾವಿರದ ಹೋಮ್ ಥಿಯೇಟರ್. ಅಮರ ರಿಮೋಟು ಒತ್ತಿದ. ಟೀಪಾಯಿಯ ಮೇಲಿದ್ದ ಲೋಟದ ನೀರು ನಡುಗಿತು. ಅದರ ಹಿಂದೆಯೇ ಬಸವಪ್ರಭುವಿನ ಎದೆಯೂ ನಡುಗಿತು.

“ಬೇಸ್ ಅಂದ್ರ ಹಿಂಗ ಎದಿಗೆ ಬಡೀಬೇಕು ನೋಡ್ರಿ ಪ್ರಭು,” ಅಂದ ಅಮರ. “ನಿಮ್ಮದು ಬಿಡ್ರಿ, ಸೊಳ್ಳಿ ಹಾಡಿದಂಗ ಹಾಡತದ.”

ಅತ್ತೆಯ ಮನೆಯ ಲೆಕ್ಕದಲ್ಲಿ ಅಮರ ಮೊದಲನೆಯ ಅಳಿಯ, ಬಸವಪ್ರಭು ಎರಡನೆಯವನು. ಮೊದಲ ಹೋಳಿಗೆ ಅಮರನ ಎಲೆಗೆ, ಉಡುಗೊರೆಯ ಮೊದಲ ಆಹೇರು ಅಮರನ ಕೈಗೆ, ಎಂದೋ ಹಳಸಿದ ಅವನ ಚೇಷ್ಟೆಯ ಮಾತಿಗೇ ಎಲ್ಲರ ಮೊದಲ ನಗೆ. ಇದನ್ನೆಲ್ಲ ಬಸವಪ್ರಭು ಸಹಿಸಿಕೊಂಡು ಬಂದಿದ್ದ. ಆದರೆ ಸಂಗೀತ ಅವನ ಸ್ವಂತ ಸಂಸ್ಥಾನ. ಶಿವಾಜಿನಗರದ ಆಫೀಸಿನಲ್ಲಿ ದಿನವಿಡೀ ಸಾಹೇಬರ ಬೈಗುಳ ಕೇಳಿದ ಕಿವಿಗೆ ಸಂಜೆ ಒಂದಿಷ್ಟು ಹಿಂದೂಸ್ತಾನಿ ಖಯಾಲು ಬೀಳದಿದ್ದರೆ ಅವನಿಗೆ ರೊಟ್ಟಿ ಇಳಿಯುತ್ತಿರಲಿಲ್ಲ. ಅಂಥವನ ಸೆಟ್ಟನ್ನು ಸೊಳ್ಳೆಗೆ ಹೋಲಿಸುವುದೆಂದರೇನು? ಬರುವ ಸಂಕ್ರಾಂತಿಗೆ ಅಮರ ಹೆಂಡತಿಯೊಡನೆ ತನ್ನ ಮನೆಗೆ ಊಟಕ್ಕೆ ಬರುವವನಿದ್ದಾನೆ. ಅಂದು ಅವನ ಎದೆ ನಡುಗಿಸಿ ಕಳಿಸದಿದ್ದರೆ ತಾನು ಬಸವಪ್ರಭುವೇ ಅಲ್ಲ ಎಂದು ಸ್ಕೂಟರಿನ ಮೇಲೆ ಭೀಷಣ ಪ್ರತಿಜ್ಞೆ ಮಾಡಿದ. (ಹಿಂದೆ ಕೂತಿದ್ದ ಹೆಂಡತಿ ರೇಣುಗೆ ಇದು ಕೇಳಿಸಲಿಲ್ಲ. ಕೇಳಿಸಿದ್ದರೆ ಪ್ರತಿಜ್ಞೆ ಕರ್ವೆ ರಸ್ತೆ ದಾಟುತ್ತಿರಲಿಲ್ಲ.)

ಪ್ರತಿಜ್ಞೆಗೂ ರೊಕ್ಕ ಬೇಕು. ಮನೆಯಲ್ಲಿ ಇದ್ದದ್ದು, ಹೊಸ ಮಿಕ್ಸರಿಗೆಂದು ರೇಣು ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದ ಹದಿನೆಂಟು ನೂರು ರೂಪಾಯಿ. ಮೂರು ದಿನ ಸಂಧಾನ ನಡೆಯಿತು. ಬಸವಪ್ರಭು ಮೊದಲು ಕಲೆಯ ಬಗ್ಗೆ ಮಾತಾಡಿ ಸೋತ. ಆಮೇಲೆ ಕೋಥರೂಡದವರ ಮುಂದೆ ಮನೆತನದ ಮರ್ಯಾದೆಯ ಬಗ್ಗೆ ಮಾತಾಡಿ ಅರ್ಧ ಗೆದ್ದ. ಅಕ್ಕನ ಮುಂದೆ ಒಮ್ಮೆಯಾದರೂ ತಲೆ ಎತ್ತುವ ಆಸೆ ರೇಣುಗೂ ಇತ್ತೆಂದು ಕಾಣುತ್ತದೆ. ಡಬ್ಬಿಯೊಳಗೆ ಕೈ ಇಳಿಸಿದಳು.

“ಇದು ಅಡಿಗಿಮನಿ ರೊಕ್ಕ ಅದ, ನೆನಪಿಡ್ರಿ,” ಎಂದಳು. “ಸಂಕ್ರಾಂತಿ ತನಕ ನೋಡ್ತೀನಿ. ಮನಿಗೆ ಏನೂ ಉಪಯೋಗಕ್ಕ ಬರಲಿಲ್ಲ ಅಂದ್ರ ಮರುದಿನಾನ ಗುಜರಿಯವಗ ಹಾಕ್ತೀನಿ.”

ಮುಂದಿನ ಭಾನುವಾರ ಬಸವಪ್ರಭು ಹಳೆ ಸಾಮಾನಿನ ಜುನಾ ಬಜಾರಿಗೆ ದಂಡೆತ್ತಿ ಹೋದ. ಯಾವುದೋ ಕಾರಿನ ಹೊಟ್ಟೆಯಿಂದ ಕಿತ್ತು ತಂದ ಎರಡು ಸಬ್‌ವೂಫರುಗಳನ್ನು, ಎಂದರೆ ಬೇಸ್ ಬಡಿಯುವ ಸ್ಪೀಕರುಗಳನ್ನು, ಏಳು ನೂರಕ್ಕೆ ಗೆದ್ದು ತಂದ. ಒಂದೊಂದೂ ಊಟದ ತಟ್ಟೆಯಷ್ಟು ಅಗಲ. ಬೆನ್ನಿನ ಮೇಲೆ ನಾಲ್ಕು ಓಮ್ ಎಂದು ಬರೆದಿತ್ತು. ಮನೆಯ ಹಳೆಯ ಆಂಪ್ಲಿಫೈಯರಿನ ಬೆನ್ನ ಮೇಲೆ ಎಂಟು ಓಮ್ ಎಂದಿತ್ತು. ಇದೇನು ಜಾತಕವೇ ಕೂಡಿಬರಲಿಕ್ಕೆ ಎಂದುಕೊಂಡು, ಎರಡನ್ನೂ ಅಕ್ಕಪಕ್ಕ ಒಂದೇ ತಂತಿಗೆ ಜೋಡಿಸಿ ಗುಂಡಿ ತಿರುಗಿಸಿದ. ಟಪ್ ಎಂದಿತು. ಆಂಪ್ಲಿಫೈಯರಿನಿಂದ ಊದುಬತ್ತಿಯ ಹೊಗೆಯಂಥದ್ದೊಂದು ಎದ್ದಿತು, ಆದರೆ ವಾಸನೆ ಊದುಬತ್ತಿಯದಲ್ಲ.

ಟಪಕೀರ ಗಲ್ಲಿಯಲ್ಲಿ ರೇಡಿಯೋ ರಿಪೇರಿ ಮಾಡುವ ಜಟ್ಟೆಪ್ಪ ವಿಜಾಪುರದ ಕಡೆಯವನು. ಮುಚ್ಚಳ ಬಿಚ್ಚಿ ನೋಡಿ, ಸುಟ್ಟದ್ದು ಫ್ಯೂಜು ಮತ್ತೊಂದು ಸಣ್ಣ ಭಾಗ ಅಷ್ಟೆ, ಜೀವಕ್ಕೆ ಅಪಾಯವಿಲ್ಲ ಎಂದ. ಓಮ್ ಎಂದರೆ ಕರೆಂಟಿಗೆ ಎಷ್ಟು ಅಡ್ಡಿ ಎಂಬುದರ ಅಳತೆ, ಅದು ಕಡಿಮೆಯಾದಷ್ಟೂ ಆಂಪ್ಲಿಫೈಯರಿನ ಮೇಲೆ ಭಾರ ಹೆಚ್ಚು. ಎರಡು ನಾಲ್ಕನ್ನು ಅಕ್ಕಪಕ್ಕ ಇಟ್ಟರೆ ಅದು ಎಂಟಾಗುವುದಿಲ್ಲ, ಎರಡಕ್ಕಿಳಿಯುತ್ತದೆ ಎಂದ. ಬಸವಪ್ರಭುವಿನ ಮುಖದ ಮೇಲೆ ಬೆಳಕು ಮೂಡದ್ದನ್ನು ಕಂಡು ಬೇರೆ ದಾರಿ ಹಿಡಿದ.

“ಹಿಂಗ ನೋಡ್ರಿ ಸಾಹೇಬ್ರ. ಇಬ್ಬರೂ ಅಳಿಯಂದ್ರು ಒಂದ ಹೊತ್ತಿಗೆ ಪಂಕ್ತಿಗೆ ಕುಂತ್ರ ನೀಡಿ ನೀಡಿ ಅತ್ತಿ ಸುಸ್ತಾಗಿ ಬೀಳ್ತಾಳ. ಒಬ್ಬನ ಹಿಂದ ಒಬ್ಬನ್ನ ಕುಂಡ್ರಸ್ರಿ, ಆಕಿ ಉಳೀತಾಳ.”

ಜೀವನವಿಡೀ ಹಿಂದಿನ ಪಂಕ್ತಿಯಲ್ಲಿ ಉಂಡವನಿಗೆ ಇದು ತಟ್ಟನೆ ತಿಳಿಯಿತು. ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದ. ನಾಲ್ಕು ನಾಲ್ಕು ಎಂಟಾಯಿತು. ರಿಪೇರಿಯಾಗಿ ಬಂದ ಆಂಪ್ಲಿಫೈಯರು ಎಷ್ಟೋ ಹೊತ್ತು ಹಾಡಿದರೂ ತಣ್ಣಗಿತ್ತು. ಆ ಸಂಜೆ ಬಸವಪ್ರಭು ತಾನೇ ಹೋಗಿ ಪೇಢೆ ತಂದು ತಾನೇ ತಿಂದ.

ಉಳಿದದ್ದು ಪೆಟ್ಟಿಗೆ. ಮುರಿದ ಮಂಚದ ಹಲಗೆಗಳಿಂದ ಅದನ್ನು ತನ್ನ ಕೈಯಾರೆ ಕಟ್ಟಿದ. ಇಂಥ ಪೆಟ್ಟಿಗೆಗೆ ಒಳಗಿನ ಗಾಳಿ ಹೊರಬರಲು ಒಂದು ಕೊಳವೆ ಬೇಕಂತೆ. ಮುಂದೆ ಜಾಗ ಸಾಲದೆ ನೆತ್ತಿಯ ಮೇಲೆಯೇ ತೂತು ಕೊರೆದು ಬಚ್ಚಲಿನ ಪೈಪಿನ ತುಂಡೊಂದನ್ನು ಇಳಿಬಿಟ್ಟ. ಮೋರಿಯ ಪೈಪನ್ನು ಪಡಸಾಲೆಗೆ ತಂದ ಮೊದಲ ಗಂಡಸು ನೀವೇ ಇರಬೇಕು ಎಂದು ರೇಣು ಕೊಂಡಾಡಿದಳು. ಅವಳು ಕೂತು ಸೊಪ್ಪು ಸೋಸುತ್ತಿದ್ದ ಮೂಲೆಯನ್ನು ಪೆಟ್ಟಿಗೆ ಪೂರ್ತಿ ನುಂಗಿತ್ತು.

ಉದ್ಘಾಟನೆಯ ದಿನ ಹಾಡು ಕೇಳಿಸಲಿಲ್ಲ, ಮನೆಯೇ ಹಾಡಿತು. ಕಪಾಟಿನ ಸ್ಟೀಲ್ ಡಬ್ಬಿ, ಬಾಗಿಲ ಚಿಲಕ, ಗೋಡೆಯ ಗಡಿಯಾರ ಎಲ್ಲವೂ ದನಿಗೂಡಿಸಿದವು. ಖಯಾಲು ಹಾಡುವ ಪಂಡಿತರು ಮಾತ್ರ ಬಾವಿಯೊಳಗಿಂದ ಕೂಗಿದಂತಾಯಿತು. ಕೆಳಗಿನ ಮನೆಯ ಅಂಬಾ ಕಾಕು ಮೇಲೆ ಬಂದು, ನೀರಲ್ಲಿಟ್ಟ ತನ್ನ ಹಲ್ಲಿನ ಸೆಟ್ಟು ಲೋಟದೊಳಗೆ ತಾನೇ ಅಗಿಯುತ್ತಿದೆ, ಇದು ಸಭ್ಯರ ವಾಡೆಯೋ ಅಲ್ಲವೋ ಎಂದು ಶುದ್ಧ ಮರಾಠಿಯಲ್ಲಿ ವಿಚಾರಿಸಿಕೊಂಡು ಹೋದಳು. ಬಸವಪ್ರಭು ಪೆಟ್ಟಿಗೆಯನ್ನು ಅತ್ತ ಸರಿಸಿದ, ಇತ್ತ ಸರಿಸಿದ, ಅದರೊಳಗೆ ಹಳೆಯ ಕೌದಿ ತುರುಕಿದ. ಗುಂಯ್ ಎನ್ನುವುದು ಗುಂ ಎನ್ನುವಷ್ಟಕ್ಕೆ ಬಂತೇ ಹೊರತು ಸಂಗೀತವಾಗಲಿಲ್ಲ. ಹಬ್ಬ ಹತ್ತಿರ ಬಂದಂತೆ ರೇಣು ಗುಜರಿಯವನ ಕೂಗಿಗೆ ಕಿವಿ ಕೊಡತೊಡಗಿದಳು.

ಹಬ್ಬಕ್ಕೆ ಮೂರು ದಿನವಿದ್ದ ಭಾನುವಾರ. ಶೇಂಗಾ ಹೋಳಿಗೆಗೆಂದು ರೇಣು ಮೂರು ಕಿಲೋ ಶೇಂಗಾ ಹುರಿದು ತಿಕ್ಕಿ ಸಿಪ್ಪೆ ಬಿಡಿಸಿದ್ದಳು. ಇನ್ನು ಹೊಟ್ಟು ಹಾರಿಸಬೇಕು. ಹೊರಗಿನ ಗ್ಯಾಲರಿಯಲ್ಲಿ ಹಾರಿಸಿದರೆ ಕೆಳಗೆ ಕಾಕುವಿನ ಒಣಹಾಕಿದ ಸೀರೆಗಳ ಮೇಲೆ ಬಿದ್ದು ಇನ್ನೊಂದು ಯುದ್ಧ. ಅಷ್ಟರಲ್ಲಿ ಒಳಗೆ ಹಾಲು ಉಕ್ಕಿತು. ಬೇರೆ ಜಾಗ ಕಾಣದೆ ಶೇಂಗಾ ತುಂಬಿದ ಜರಡಿಯನ್ನು ಪೆಟ್ಟಿಗೆಯ ನೆತ್ತಿಯ ಮೇಲಿಟ್ಟು ಒಳಗೆ ಓಡಿದಳು. ಆಂಪ್ಲಿಫೈಯರಿಗೆ ಮುಖ ಮಾಡಿ, ಪೆಟ್ಟಿಗೆಗೆ ಬೆನ್ನು ಕೊಟ್ಟು ಕೂತಿದ್ದ ಬಸವಪ್ರಭು ಇದಾವುದನ್ನೂ ನೋಡಲಿಲ್ಲ. ಕೊನೆಯ ಪ್ರಯತ್ನವೆಂದು ಗಣಪತಿ ಮೆರವಣಿಗೆಯ ಢೋಲ್-ತಾಶಾ ಕ್ಯಾಸೆಟ್ಟು ಹಾಕಿ ಗುಂಡಿ ತಿರುಗಿಸಿದ. ಒಂದು ಭಾಗ ಮುಗಿಯಿತು. ಬಾಗಿಲಲ್ಲಿ ರೇಣು ನಿಂತಿದ್ದಳು, ಕಣ್ಣರಳಿಸಿಕೊಂಡು.

“ರೀ, ಇನ್ನೊಮ್ಮಿ ಹಾಕ್ರಿ ಅದನ್ನ,” ಎಂದಳು.

ಹದಿನಾರು ವರ್ಷದಲ್ಲಿ ರೇಣು ಒಂದು ಹಾಡನ್ನು ಇನ್ನೊಮ್ಮೆ ಕೇಳಿದ್ದು ಇದೇ ಮೊದಲು. ಇವಳೊಳಗೆ ಒಬ್ಬ ರಸಿಕಳು ಮಲಗಿದ್ದಳು, ತನ್ನ ಎಂಟು ಓಮ್ ಅವಳನ್ನು ಎಬ್ಬಿಸಿತು ಎಂದುಕೊಂಡ ಬಸವಪ್ರಭು. ಅಂಥ ರಸಿಕಳಿಗೆ ಢೋಲು ಒರಟಾಯಿತೆಂದು ಬೇಗ ಬೇಗ ಖಯಾಲಿನ ಕ್ಯಾಸೆಟ್ಟು ಹಾಕಿದ.

“ಇದು ಬ್ಯಾಡ, ಮೊದಲಿಂದು ಹಾಕ್ರಿ. ಅದರಾಗ ಗುದ್ದು ಛಲೋ ಇತ್ತು.”

ಗುದ್ದಿನ ಮರ್ಮ ತಿಳಿದ ಹೆಂಡತಿ ಎಷ್ಟು ಜನಕ್ಕೆ ಸಿಗುತ್ತಾಳೆ? ಢೋಲು ಮತ್ತೆ ಹಚ್ಚಿ, ಅಭಿಮಾನದಿಂದ ಹಿಂತಿರುಗಿ ನೋಡಿದ. ಜರಡಿಯಲ್ಲಿ ಶೇಂಗಾ ಕುಣಿಯುತ್ತಿತ್ತು. ಢೋಲಿನ ಒಂದೊಂದು ಪೆಟ್ಟಿಗೂ ಬಚ್ಚಲಿನ ಪೈಪು ಪುಸ್ ಎಂದು ಗಾಳಿ ಉಗುಳುತ್ತಿತ್ತು. ಜರಡಿಯ ತೂತುಗಳಿಂದ ಏರಿದ ಗಾಳಿಗೆ ಕೆಂಪು ಹೊಟ್ಟು ಹಾರಿ ಹಾರಿ ದಿವಾನದ ಮೇಲೆ ಬೀಳುತ್ತಿತ್ತು. ಅರ್ಧ ತಾಸಿನಲ್ಲಿ ಮೂರು ಕಿಲೋ ಶೇಂಗಾ ಹಲ್ಲಿನಷ್ಟು ಬೆಳ್ಳಗಾಯಿತು. ಬಸವಪ್ರಭುವಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಜರಿಯವನು ತಪ್ಪಿದನಲ್ಲ ಎಂದು ಸದ್ಯಕ್ಕೆ ನಕ್ಕ.

ಸಂಕ್ರಾಂತಿಯ ದಿನ ಅಮರ ಬಂದ. ಕಾಲ ಮೇಲೆ ಕಾಲು ಹಾಕಿ, ಹಚ್ಚಿರಿ ನೋಡೋಣ ಎಂದು ಪರೀಕ್ಷಕನಂತೆ ಕೂತ. ಬಸವಪ್ರಭು ಢೋಲು ಹಚ್ಚಿದ. ಅಮರನ ಹುಬ್ಬು ಗಂಟಾಗುವಷ್ಟರಲ್ಲಿ ರೇಣು ಇನ್ನಷ್ಟು ಹುರಿದ ಶೇಂಗಾ ತುಂಬಿದ ಜರಡಿಯನ್ನು ಪೆಟ್ಟಿಗೆಯ ಮೇಲೆ ತಂದಿಟ್ಟಳು. ಗೋಡೆ ಗುಂ ಎಂದದ್ದೇ ತಡ, ಕೆಳಗಿನಿಂದ ಅಂಬಾ ಕಾಕುವೂ ಹತ್ತಿ ಬಂದಳು. ಬೈಯಲು ಬಂದವಳು ಜರಡಿ ನೋಡಿ ನಿಂತಳು. ದಿನಾ ಎಲ್ಲ ಪಲ್ಯಕ್ಕೂ ಶೇಂಗಾ ಪುಡಿ ಬೇಕಾದ ಮನೆ ಅವಳದು. ಮರುಮಾತಿಲ್ಲದೆ ಕೆಳಗಿಳಿದು ತನ್ನ ಎರಡು ಕಿಲೋ ಹುರಿದ ಶೇಂಗಾ ಹೊತ್ತು ತಂದಳು. ಪಡಸಾಲೆಯ ತುಂಬ ಹೊಟ್ಟು, ಹೆಂಗಸರ ನಗೆ. ದೀಪಾಲಿ ಮಾತ್ರ ನಗಲಿಲ್ಲ. ಗಂಡನ ಕಡೆ ತಿರುಗಿದಳು.

“ನಮ್ಮದು ಮೂವತ್ತೆಂಟು ಸಾವಿರದ್ದು, ಇನ್ನತನಕ ಒಂದು ಶೇಂಗಾದ ಸಿಪ್ಪಿ ಹಾರಿಸಿಲ್ಲ.”

ಅಮರನ ಎದೆ ನಡುಗಿದ್ದನ್ನು ಬಸವಪ್ರಭು ಕಣ್ಣಾರೆ ಕಂಡ. ಅಂದು ಮೊದಲ ಹೋಳಿಗೆಯನ್ನು ದೀಪಾಲಿ ತಾನೇ ಬಸವಪ್ರಭುವಿನ ಎಲೆಗೆ ಬಡಿಸಿದಳು.

ವಾರ ಕಳೆದು ಅಮರ ಒಬ್ಬನೇ ಬಂದ. ಅಷ್ಟರಲ್ಲಿ ಪೆಟ್ಟಿಗೆ ಅಡಿಗೆಮನೆ ಸೇರಿತ್ತು. ಅಡಿಗೆಮನೆಯ ರೊಕ್ಕ ಅಡಿಗೆಮನೆಗೇ ಬಂತು ಎಂದು ರೇಣು ತೀರ್ಪು ಕೊಟ್ಟಿದ್ದಳು. ಬಸವಪ್ರಭು ಈಗ ಖಯಾಲು ಕೇಳುವುದು ಜೋಳದ ಡಬ್ಬಿಯ ಮೇಲೆ ಕೂತು. ಯಾವುದಕ್ಕೆ ಎಷ್ಟು ದನಿ ಎಂದು ಆಂಪ್ಲಿಫೈಯರಿನ ಗುಂಡಿಯ ಸುತ್ತ ರೇಣು ಚೀಟಿ ಅಂಟಿಸಿದ್ದಳು: ಹಿಟ್ಟು, ರವಾ, ಶೇಂಗಾ. ಅಮರ ಚೀಟಿಗಳನ್ನು ಓದಿ, ಗಂಟಲು ಸರಿಮಾಡಿಕೊಂಡು, ತನಗೂ ಇಂಥದೊಂದು ಮಾಡಿಕೊಡಲು ಆಗುವುದೇ ಎಂದು ಕೇಳಿದ. ಮೊದಲನೆಯ ಅಳಿಯ ಎರಡನೆಯ ಅಳಿಯನನ್ನು ಬೇಡುವ ದಿನ ಬಂತಲ್ಲ. ಬಸವಪ್ರಭು ಕಾಲ ಮೇಲೆ ಕಾಲು ಹಾಕಿಕೊಂಡು ಓಮಿನ ಪುರಾಣವನ್ನೂ ಅಳಿಯಂದಿರ ಪಂಕ್ತಿಯನ್ನೂ ಸವಿಸ್ತಾರವಾಗಿ ಹೇಳಿದ. ಅಮರ ಶಿಷ್ಯನಂತೆ ಕೇಳಿದ. ಎದ್ದು ಹೊರಡುವಾಗ ದನಿ ತಗ್ಗಿಸಿದ.

“ಒಂದು ಮಾತು, ಪ್ರಭು. ಅದನ್ನ ಆವಾಜ್ ಬರಲಾರದಂಗ ಮಾಡಾಕ ಬರತದೇನ್ರಿ? ಹಾಡಿಗೆ ನಮ್ಮಲ್ಲೆ ಛಲೋದು ಅದ.”

ಕ್ಯಾಸೆಟ್ಟಿನ ಪಂಡಿತರು ಆಗಷ್ಟೇ ವಿಲಂಬಿತ ಮುಗಿಸಿ ದ್ರುತಕ್ಕೆ ಏರುತ್ತಿದ್ದರು. ಅಷ್ಟರಲ್ಲಿ ರೇಣು ಜರಡಿ ಹಿಡಿದು ಬಂದಳು.

“ರೀ, ಉಪ್ಪಿಟ್ಟಿನ ರವಾ ಜರಡಿಗೆ ಹಾಕೀನಿ, ಆವಾಜ್ ಸಣ್ಣಗೆ ಮಾಡ್ರಿ.”

ಬಸವಪ್ರಭು ಎದ್ದು ಗುಂಡಿಯನ್ನು ರವೆಗೆ ತಿರುಗಿಸಿದ.