ಅಟ್ಟದ ಮೇಲಿನ ಎರಡನೇ ಭಾಗ

ಹೊಗಳುವುದು ನನಗೆ ಬರುವುದಿಲ್ಲ. ಇದು ಸ್ವಭಾವದ ದೋಷವಲ್ಲ, ಕಸುಬಿನ ಗುಣ. ತಿಪಟೂರಿನ ಸುತ್ತಮುತ್ತ ತೋಟದ ಮನೆಗಳಿಗೆ ಹೋಗಿ, ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗುತ್ತಿರುವ ತೆಂಗಿನಕಾಯಿಯೊಂದನ್ನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಗಡಗಡ ಎನ್ನುವುದನ್ನು ಕೇಳಿ ವ್ಯಾಪಾರ ಮುಗಿಸುವವನು ನಾನು. ಸದ್ದು ಎಷ್ಟು ಚೆನ್ನಾಗಿ ಬರುತ್ತದೋ ಮುಖವನ್ನು ಅಷ್ಟು ಹುಳ್ಳಗೆ ಮಾಡಿಕೊಳ್ಳಬೇಕು. ಬೇಕಾದ ಮಾಲಿನಲ್ಲಿ ಕೊಂಕು ಹುಡುಕಬೇಕು. ಬೇಡವಾದ ಮಾಲಾದರೆ, ‘ಬಲು ಚೆನ್ನಾಗೈತೆ, ಮನೇಲೇ ಮಡಿಕ್ಕಳಿ’ ಎಂದು ಹೊಗಳಿ, ಪಂಚೆ ಕೊಡವಿಕೊಂಡು ಎದ್ದು ಬರಬೇಕು. ಖಾಲಿ ಚೀಲ ಹೊತ್ತು ಶುರುಮಾಡಿ ಸ್ವಂತ ಮಂಡಿ ಇಡುವಷ್ಟು ಬೆಳೆದದ್ದು ಈ ಒಂದು ವಿದ್ಯೆಯಿಂದ. ಮದುವೆಯಾದ ಹೊಸದರಲ್ಲಿ ನನ್ನ ಹೆಂಡತಿ ಶಾರದೆಯ ಸಾರಿಗೆ ‘ಹುಳಿ ಸ್ವಲ್ಪ ಮುಂದು’ ಎಂದಾಗ ಅವಳು ಕಣ್ಣೀರು ಹಾಕಿದ್ದಳು. ಈಗ ನಾನು ಕೊಂಕು ತೆಗೆದರೆ ಇನ್ನೊಂದು ಸೌಟು ಬಡಿಸುತ್ತಾಳೆ. ನೆಂಟರ ಮನೆಯಲ್ಲಿ ನಾನು ಹೋಳಿಗೆಯನ್ನು ಹೊಗಳಿದರೆ, ಅದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ ಎಂದು ಅರ್ಥಮಾಡಿಕೊಂಡು ಮಜ್ಜಿಗೆ ತರಿಸುತ್ತಾಳೆ.

ಇಂಥವನಿಗೆ ಫ್ಯಾಂಟಸಿ ಕಾದಂಬರಿಗಳ ಹುಚ್ಚು ಹೇಗೆ ಹಿಡಿಯಿತು ಎಂದು ಕೇಳುವವರಿದ್ದಾರೆ. ಕೊಬ್ಬರಿ ವ್ಯಾಪಾರದ ಮುಕ್ಕಾಲು ಪಾಲು ಕಾಯುವುದೇ. ಕಾಯಿ ಅಟ್ಟದ ಮೇಲೆ ಕಾಯುತ್ತದೆ, ತೋಟದವನು ರೇಟಿಗೆ ಕಾಯುತ್ತಾನೆ, ನಾನು ಇಬ್ಬರಿಗೂ ಕಾಯುತ್ತೇನೆ. ಮಧ್ಯಾಹ್ನದ ಹೊತ್ತು ಮಂಡಿಯ ಚೀಲಗಳ ಮೇಲೆ ಒರಗಿ, ಕೊಬ್ಬರಿಯ ಎಣ್ಣೆಗಂಪಿನ ನಡುವೆ ಮಾಟಗಾತಿಯರ, ತೇಲುವ ಕೋಟೆಗಳ ಕಥೆ ಓದುವ ಸುಖ ಓದಿದವರಿಗೇ ಗೊತ್ತು. ಹೀಗೆ ಓದಿ ಓದಿ, ನಮ್ಮೂರಿನ ಗೆಳೆಯರು ನಡೆಸುವ ಮಾಸಪತ್ರಿಕೆಗೆ ಪುಸ್ತಕ ವಿಮರ್ಶೆ ಬರೆಯುವವನಾದೆ. ಒಂದೆರಡು ಕಾದಂಬರಿಗಳನ್ನು ನಾನೂ ಬರೆದಿದ್ದೇನೆ, ಆ ಮಾತು ಇಲ್ಲಿ ಬೇಡ. ನಿಮಗೆ ಉಪಯೋಗವಾಗುವ ಮಾತು ಹೇಳುತ್ತೇನೆ. ಫ್ಯಾಂಟಸಿ ಕೊಳ್ಳುವಾಗ ಮೊದಲು ಭೂಪಟ ನೋಡಿ. ಸರ್ವೆ ನಂಬರು ಹಾಕಿದ ಹಾಗೆ ರಾಜ್ಯಗಳು ಕಿಕ್ಕಿರಿದಿದ್ದರೆ ಪುಸ್ತಕ ಕೆಳಗಿಡಿ. ಮೊದಲ ಪುಟದಲ್ಲೇ ಭವಿಷ್ಯವಾಣಿ ನುಡಿಯುವ ಮುದುಕ ಬಂದರೆ ಅಂಗಡಿಯಿಂದಲೇ ಹೊರಡಿ. ಮಂತ್ರವಾದಿ ಹೊಟ್ಟೆಪಾಡಿಗೆ ಏನು ಮಾಡುತ್ತಾನೆ ಎಂದು ಬರೆದಿದ್ದರೆ ಮಾತ್ರ ಮುಂದಕ್ಕೆ ಓದಿ. ಇನ್ನು ಜೊತೆಯ ಲೇಖಕರ ಪುಸ್ತಕವಾದರೆ, ಕೊಂಕು ತೆಗೆಯದೆ ಬಿಡಬೇಡಿ. ಅಮ್ಮಸಂದ್ರದ ಮೇಷ್ಟರೊಬ್ಬರ ರೆಕ್ಕೆಕುದುರೆಯ ಕಥೆಗೆ, ‘ಈ ಕುದುರೆ ಇಳಿಯುವಾಗ ಏಳುವ ಧೂಳಿಗೆ ಊರಿಗೆ ಊರೇ ಕೆಮ್ಮಬೇಕಿತ್ತು’ ಎಂದು ಬರೆದಿದ್ದೆ. ಮೇಷ್ಟರು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿ ಬಾಯ್ತುಂಬ ನಕ್ಕು, ಎಳನೀರು ಕುಡಿಸಿ ಕಳಿಸಿದರು.

ಎಲ್ಲ ಹೀಗೆ ಸುಸೂತ್ರವಾಗಿ ನಡೆಯುತ್ತಿರುವಾಗ ಸಿದ್ಲಿಂಗಣ್ಣನ ಕಾದಂಬರಿ ಬಂತು. ಚಿಕ್ಕನಾಯಕನಹಳ್ಳಿಯಾಚೆ ಕಂದಿಕೆರೆಯಲ್ಲಿ ತೋಟ ಮಾಡಿಕೊಂಡಿರುವ ಈತ ನನ್ನ ಗೆಳೆಯ, ಮೊದಲಿನಿಂದಲೂ ನನಗೇ ಕಾಯಿ ಕೊಡುತ್ತ ಬಂದವನು. ಅವನ ಕಥೆ ನಡೆಯುವುದು ಒಂದು ತೆಂಗಿನಕಾಯಿಯ ಒಳಗೆ. ಅಲ್ಲಿ ಆಕಾಶವೆಂದರೆ ಕರಟದ ಕಪ್ಪು ಕಮಾನು. ಕಾಯಿಯ ಮೂರು ಕಣ್ಣುಗಳೇ ಅಲ್ಲಿಯ ಮೂರು ಚಂದ್ರರು, ಅದರಲ್ಲಿ ಒಂದು ಮಾತ್ರ ಮೆತ್ತಗಿರುವ ಚಂದ್ರ. ನೆಲವೆಲ್ಲ ಬಿಳಿ, ನಡುವೆ ಸಿಹಿನೀರಿನ ಸಮುದ್ರ. ಆ ಸಮುದ್ರದಲ್ಲಿ ಸೋಮಲೆ ಎಂಬ ಹುಡುಗಿ ಹಡಗು ನಡೆಸುತ್ತಾಳೆ. ಸಮುದ್ರ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಏಕೆಂದು ಅಲ್ಲಿ ಯಾರಿಗೂ ತಿಳಿಯದು. ಕೊನೆಗೆ ನೀರೆಲ್ಲ ಬತ್ತಿ, ಹಡಗುಗಳು ಬಿಳಿ ನೆಲದ ಮೇಲೆ ಮಗ್ಗುಲಾಗಿ ಮಲಗಿ, ಒಂದು ದಿನ ನೆಲವೇ ಆಕಾಶದಿಂದ ಬಿಟ್ಟುಕೊಳ್ಳುತ್ತದೆ. ಆಗ ಯಾರೋ ಆಚೆಯಿಂದ ಆ ಲೋಕವನ್ನು ಎತ್ತಿ ಅಲ್ಲಾಡಿಸುತ್ತಾರೆ. ಅಲ್ಲಿಗೆ ಮೊದಲ ಭಾಗ ಮುಗಿಯುತ್ತದೆ.

ಮುಚ್ಚಿದ ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು ಎಷ್ಟು ಹೊತ್ತು ಮಲಗಿದ್ದೆನೋ. ಆ ಅಲ್ಲಾಡಿಸಿದ ಕೈ ಯಾರದೆಂದು ನನಗೆ ಹೇಳಬೇಕೆ? ಮಾರನೆಯ ದಿನ ನೊಣವಿನಕೆರೆಯ ಒಂದು ಅಟ್ಟದಲ್ಲಿ ಕಾಯಿ ಎತ್ತಿ ಕಿವಿಗೆ ಹಿಡಿದವನು ಅಲ್ಲಾಡಿಸಲಾರದೆ ಹಾಗೇ ನಿಂತೆ. ಒಳಗೆ ಒಂದು ದಡ, ದಡದಲ್ಲಿ ಜನ, ಮೂರು ಚಂದ್ರರ ಮಂಕು ಬೆಳಕು. ನಾನು ಅಷ್ಟು ಹೊತ್ತು ತನ್ಮಯನಾಗಿ ನಿಂತದ್ದನ್ನು ಕಂಡು ಮನೆಯವನು ರೇಟು ಏರಿಸಿಬಿಟ್ಟ. ಏರಿಸಲಿ ಬಿಡಿ ಎಂದು ಕೊಟ್ಟು ಬಂದೆ. ಎಂದೂ ಹಾಗೆ ಮಾಡಿದವನಲ್ಲ.

ಇಂಥ ಪುಸ್ತಕಕ್ಕೆ ಕೊಂಕು ತೆಗೆಯಲು ಮನಸ್ಸು ಬರಲಿಲ್ಲ. ‘ಇಷ್ಟು ಸೊಗಸಾದ ಕಾದಂಬರಿ ನಮ್ಮ ಸೀಮೆಯಲ್ಲಿ ಬಂದಿಲ್ಲ. ಒಂದು ಸಾಲನ್ನೂ ಆಚೀಚೆ ಮಾಡುವ ಹಾಗಿಲ್ಲ. ಎಲ್ಲರೂ ಕೊಂಡು ಮನೆಯಲ್ಲಿಟ್ಟುಕೊಳ್ಳಿ’ ಎಂದು ಮನಸ್ಸು ಬಿಚ್ಚಿ ಬರೆದೆ. ಪತ್ರಿಕೆ ಬಂದ ದಿನ ಶಾರದೆ ಅದನ್ನು ಓದಿ, ಕನ್ನಡಕ ತೆಗೆದು, ಮೆಲ್ಲಗೆ ಕೇಳಿದಳು: “ಯಾಕ್ರೀ, ಸಿದ್ಲಿಂಗಣ್ಣನ ಪುಸ್ತಕ ಅಷ್ಟೊಂದು ಕೆಟ್ಟದಾಗೈತಾ?”

ಮಂಡಿಯ ಮುಂದಿನ ಟೀ ಅಂಗಡಿಯವನೂ ಬಿಡಲಿಲ್ಲ. “ನೀವು ಹಂಗೆ ಬರೀಬಾರದಿತ್ತು ಕಣ್ರೀ ರಾಜಣ್ಣ. ಪಾಪ, ಬಡಪಾಯಿ ಮನುಷ್ಯ. ಎರಡು ತಪ್ಪಾದ್ರೂ ತೆಗೀಬೇಕಿತ್ತು.” ಪುಸ್ತಕವನ್ನು ಒಬ್ಬರೂ ಕೊಳ್ಳಲಿಲ್ಲ. ಸಿದ್ಲಿಂಗಣ್ಣ ನನ್ನ ಫೋನು ಎತ್ತಲಿಲ್ಲ. ಕೊನೆಗೆ ಅವನ ಹೆಂಡತಿಯೇ ಫೋನು ಮಾಡಿದರು. “ಅಣ್ಣ, ಬರ್ದಿಟ್ಟಿರೋ ಎರಡನೇ ಭಾಗಾನ ನೀರೊಲೆಗೆ ಹಾಕ್ತೀನಿ ಅಂತಾವ್ರೆ. ಹೆಂಗೋ ಇವತ್ತು ಸೌದೆ ಒಣಗೈತೆ, ಕಾಗದ ಬ್ಯಾಡ ಅಂತ ತಡೆದಿವ್ನಿ. ನಾಳೆ ನಂಗೊತ್ತಿಲ್ಲ.”

ಫೋನು ಇಟ್ಟವನೇ ಬೆಳಗಿನ ಬಸ್ಸಿನ ಹೊತ್ತು ವಿಚಾರಿಸಿದೆ. ಸ್ನೇಹದ ಚಿಂತೆಯೂ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಮುಂದೆ ಬಂದು ನಿಂತವಳು ಸೋಮಲೆ. ಅಲುಗಾಡುವ ನೆಲಕ್ಕೆ ಅವುಚಿಕೊಂಡ ಆ ಹುಡುಗಿ ಸಿದ್ಲಿಂಗಣ್ಣನ ಸ್ನಾನದ ನೀರು ಕಾಯಿಸಲು ಬೂದಿಯಾಗುವುದೇ? ಬೆಳಗಿನ ಮೊದಲ ಬಸ್ಸು ಹಿಡಿದೆ. ಕಿಟಕಿಯಾಚೆ ತೋಟದ ಮೇಲೆ ತೋಟ ಹಾದುಹೋಗುತ್ತಿತ್ತು. ಮಂಜಿನಲ್ಲಿ ತಲೆ ಮರೆಸಿಕೊಂಡ ಮರಗಳು, ಒಂದೊಂದು ಗೊನೆಯಲ್ಲೂ ಲೆಕ್ಕವಿಲ್ಲದ ಸಮುದ್ರಗಳು ಸದ್ದಿಲ್ಲದೆ ತೂಗುತ್ತಿದ್ದವು. ನಿದ್ದೆಯೋ ಎಚ್ಚರವೋ ತಿಳಿಯದೆ ಇಳಿಯಬೇಕಾದ ಜಾಗ ದಾಟಿ, ವಾಪಸು ನಡೆದೆ.

ಸಿದ್ಲಿಂಗಣ್ಣ ಜಗಲಿಯ ಮೇಲೆ ಕೂತಿದ್ದ. ಮುಖ ಎತ್ತಲಿಲ್ಲ.

“ಕಾಯಿ ಇಲ್ಲ ಕೊಡಾಕೆ.”

“ಕಾಯಿಗಲ್ಲ ಕಣ್ಲಾ ಬಂದಿದ್ದು.”

“ಇನ್ಯಾಕೆ? ಹೊಗಳೋದು ಇನ್ನೂ ಬಾಕಿ ಐತಾ?”

“ನಿಜವಾಗ್ಲೂ ಚೆನ್ನಾಗೈತೆ ಅಂತ್ಲೇ ಬರ್ದಿದ್ದು ಕಣ್ಲಾ.”

“ನೋಡು, ಮತ್ತೂ ಅಂತೀಯ! ಇಷ್ಟು ವರ್ಸ ನನ್ ಕಾಯಿ ಅಲ್ಲಾಡ್ಸಿದ್ದೀಯ. ಒಂದಿನಾನಾದ್ರೂ ಚೆನ್ನಾಗೈತೆ ಅಂದಿದ್ದೀಯೇನ್ಲಾ? ಇಲ್ಲ. ಕೊಂಡ್ಕೊಳ್ದೆ ಬಿಟ್ಟೋಗಿದ್ದೀಯಾ? ಅದೂ ಇಲ್ಲ. ಕಾಯಿಗೆ ಅಷ್ಟು ಮರ್ಯಾದೆ ಕೊಡೋನು, ನನ್ ಪುಸ್ತಕಕ್ಕೆ ‘ಮನೇಲಿಟ್ಕಳಿ’ ಅಂತ ಬರೀತೀಯ.”

ನನಗೆ ಇದ್ದದ್ದು ಒಂದೇ ದಾರಿ. ಚಪ್ಪಲಿ ಬಿಟ್ಟು, ಜಗಲಿ ಹತ್ತಿ, ಮುಖ ಹುಳ್ಳಗೆ ಮಾಡಿಕೊಂಡೆ. “ಹಂಗಾದ್ರೆ ಕೇಳು. ನಿನ್ ಸೋಮಲೆ ಹಡಗಿಗೆ ಹಗ್ಗ ಎಲ್ಲಿಂದ ಬಂತು? ನಾರಿರೋದು ಕರಟದಾಚೆ. ಅವಳಿರೋದು ಒಳಗೆ. ಆಚೆಯಿಂದ ಯಾರು ತಂದ್ಕೊಟ್ರು, ನಿಮ್ಮಪ್ಪನಾ?”

ಸಿದ್ಲಿಂಗಣ್ಣ ಮೊದಲ ಸಲ ನನ್ನ ಕಡೆ ತಿರುಗಿದ. “ಹೂಂ, ಅದೊಂದು ತಪ್ಪು.”

“ಒಂದಾ? ಮೂರು ಚಂದ್ರನೂ ಒಟ್ಟಿಗೆ ಮುಳುಗ್ತವೆ ಅಂತ ಮೊದ್ಲು ಬರೀತೀಯ. ಜಾತ್ರೆ ದಿವ್ಸ ಮೆತ್ತನೆ ಚಂದ್ರ ಒಂದೇ ಆಕಾಶದಾಗೆ ಉಳ್ಕೊಂಡೈತೆ. ಯಾಕೆ, ಅದಕ್ಕೆ ಬಸ್ ಸಿಗ್ಲಿಲ್ವಾ? ಇನ್ನು ಆ ಕುರುಡಜ್ಜಿ. ಸಮುದ್ರ ಬತ್ತೋದನ್ನ ವಾಸನೇಲೇ ಕಂಡುಹಿಡೀತಾಳೆ. ಅಂಥ ಮುದುಕೀನ ಕೊಂದ್ಯಲ್ಲೋ, ನಿಂಗೆ ಕೈ ಹೆಂಗೆ ಬಂತು? ನಾನು ಅವತ್ತು ಊಟ ಬಿಟ್ಟೆ ಕಣ್ಲಾ!”

ಹೀಗೆ ನಾನು ಪುಟಪುಟಕ್ಕೂ ಕೊಂಕು ತೆಗೆಯುತ್ತ ಹೋದಂತೆ ಅವನ ಮುಖ ಅರಳಿತು. ಒಳಗೆ ತಿರುಗಿ, “ಲೇ, ಕಾಫಿ ಮಾಡೇ, ರಾಜ ಬಂದವ್ನೆ!” ಎಂದು ಕೂಗಿದ, ನಾನು ಆಗಷ್ಟೇ ಬಂದವನ ಹಾಗೆ. ನೀರೊಲೆಯ ಗಂಡಾಂತರ ಕಳೆಯಿತೆಂದು ಉಸಿರುಬಿಟ್ಟು ನಾನು ಕೈ ಚಾಚಿದೆ.

“ಸರಿ, ಈಗ ಎರಡನೇ ಭಾಗ ಕೊಡು. ಓದಿ ತಂದ್ಕೊಡ್ತೀನಿ.”

ಸಿದ್ಲಿಂಗಣ್ಣ ಕಾಫಿಯನ್ನು ನಿಧಾನವಾಗಿ ಆರಿಸಿಕೊಂಡು ಕುಡಿದ. “ಅಟ್ಟದ ಮೇಲೈತೆ. ಇರ್ಲಿ ಬುಡು, ಇನ್ನೂ ಒಣಗ್ಬೇಕು.”

“ನೆನ್ನೆ ಒಲೆಗೆ ಹಾಕ್ತೀನಿ ಅಂದೋನು, ಇವತ್ತು ಒಣಗ್ಬೇಕು ಅಂತೀಯಾ?”

“ನೆನ್ನೆ ಗಿರಾಕಿ ಇರ್ಲಿಲ್ಲ. ಇವತ್ತು ತಿಪಟೂರಿಂದ ಊಟ ಬಿಟ್ಟಿರೋ ಗಿರಾಕಿ ಬೆಳಗಾಗೋದ್ರೊಳಗೆ ಬಾಗ್ಲಿಗೆ ಬಂದವ್ನೆ. ಯಾವೋನ್ಲಾ ತಕ್ಷಣ ಮಾಲು ಇಳಿಸ್ತಾನೆ?”

ಬೇಡಿಕೊಂಡೆ. ಮಾದರಿಗಾದರೂ ಒಂದು ಪುಟ ತೋರಿಸು ಎಂದೆ. ಅವನು ಏಣಿ ಹತ್ತಿ, ಕಟ್ಟಿನಿಂದ ಒಂದು ಹಾಳೆ ಎಳೆದು, ಮೇಲಿನಿಂದಲೇ ಓದಿದ. ಸೋಮಲೆ ಅಲುಗುವ ನೆಲದ ಮೇಲೆ ತೆವಳುತ್ತ ಮೆತ್ತನೆಯ ಚಂದ್ರನ ಹತ್ತಿರ ಬರುತ್ತಾಳೆ. ಆಚೆ ಯಾರೋ ಉಸಿರು ಬಿಗಿಹಿಡಿದು ಆಲಿಸುತ್ತಿರುವುದು ಅವಳಿಗೆ ತಿಳಿಯುತ್ತದೆ. ಚಂದ್ರನಿಗೆ ತುಟಿ ತಾಗಿಸಿ, ಆ ಕಿವಿಗೆ ಅವಳು ಹೇಳುತ್ತಾಳೆ... ಅಲ್ಲಿಗೆ ಹಾಳೆ ಮಡಿಸಿದ.

“ಏನ್ ಹೇಳ್ತಾಳ್ಲಾ?”

“ಒಣಗ್ಲಿ ಅಂದ್ನಲ್ಲ.”

ಅಂದಿನಿಂದ ನಾನು ಒಂದು ಉಪಾಯ ನಡೆಸುತ್ತಿದ್ದೇನೆ. ಮೊದಲ ಭಾಗದ ಪ್ರತಿಗಳನ್ನು ತರಿಸಿಕೊಂಡು, ತಿಪಟೂರು, ತುರುವೇಕೆರೆಗಳಲ್ಲಿ ಕಂಡಕಂಡವರಿಗೆಲ್ಲ, ‘ಹಗ್ಗ ಸರಿಯಿಲ್ಲ, ಚಂದ್ರ ಸರಿಯಿಲ್ಲ, ಅಜ್ಜಿಯ ಸಾವಂತೂ ಮಹಾ ಅನ್ಯಾಯ’ ಎಂದು ಶಿಫಾರಸು ಮಾಡಿ ಕೈಗಿಡುತ್ತೇನೆ. ಜನ ಕಿತ್ತುಕೊಂಡು ಹೋಗುತ್ತಿದ್ದಾರೆ. ನಾಲ್ಕಾರು ಜನ ಹೋಗಿ ಪೀಡಿಸಿದರೆ ಅವನು ಎಷ್ಟು ದಿನ ತಡೆದಾನು ಎಂಬುದು ನನ್ನ ಎಣಿಕೆ. ಶಾರದೆ ಮಾತ್ರ, “ಗಿರಾಕಿ ಹೆಚ್ಚಾದ್ರೆ ಮಾಲು ಇನ್ನೂ ಬಿಗಿಯಾಗಲ್ವೇನ್ರೀ?” ಎಂದು ಕೇಳಿದಳು. ವ್ಯಾಪಾರದ ವಿಷಯದಲ್ಲಿ ನನಗೆ ಬುದ್ಧಿ ಹೇಳಬೇಡ ಎಂದು ಗದರಿಕೊಂಡು ಹೊರಟೆ. ಕಂದಿಕೆರೆ ಬಸ್ಸಿನಲ್ಲಿ ಒಂದು ಸೀಟೂ ಖಾಲಿಯಿರಲಿಲ್ಲ. ಕೂತವರಲ್ಲಿ ಅರ್ಧ ಜನರ ತೊಡೆಯ ಮೇಲೆ ನಾನು ಕೊಟ್ಟ ಪುಸ್ತಕವಿತ್ತು. ದಾರಿಯುದ್ದಕ್ಕೂ ನಿಂತುಕೊಂಡೇ ಹೋದೆ.