ಹೆಂಡತಿ ಪರೀಕ್ಷೆ ಬರೆದ ದಿನದ ಮಳೆ

ಚಿಂತೆ ಮಾಡುವುದಕ್ಕೂ ಪ್ರತಿಭೆ ಬೇಕು ಎಂದು ನಾನು ಬಹಳ ಹಿಂದೆಯೇ ಕಂಡುಕೊಂಡಿದ್ದೇನೆ. ಬೇರೆಯವರು ತೊಂದರೆ ಬಂದ ಮೇಲೆ ಚಿಂತಿಸುತ್ತಾರೆ. ನಾನು ಅದು ಬರುವ ಮೊದಲೇ ಅದಕ್ಕೊಂದು ಕುರ್ಚಿ ಹಾಕಿಟ್ಟು ಕಾಯುತ್ತಿರುತ್ತೇನೆ. ಕಾಫಿ ಗಿಡ ಹೂಬಿಡಲು ಬೇಕಾದ ಹೂಮಳೆ ಬಾರದಿದ್ದರೆ ಎಂಬ ಚಿಂತೆ, ಬಂದದ್ದು ಜಾಸ್ತಿಯಾದರೆ ಎಂಬ ಚಿಂತೆ, ಎರಡೂ ಇಲ್ಲದ ದಿನ ಏನನ್ನೋ ಮರೆತಿದ್ದೇನೆ ಎಂಬ ಚಿಂತೆ. ಕೊಟ್ಟಿಗೆಹಾರದ ಹತ್ತಿರ ನಮಗಿರುವುದು ಸಣ್ಣ ಕಾಫಿ ತೋಟ. ಚಿಂತೆಯ ಫಸಲು ಮಾತ್ರ ದೊಡ್ಡ ಎಸ್ಟೇಟಿನವರಿಗೆ ಸಮಸಮ ಬರುತ್ತದೆ. ಇಂಥವನ ಹೆಂಡತಿ ನಲವತ್ತು ದಾಟಿದ ಮೇಲೆ ಕಂಪ್ಯೂಟರ್ ಸೈನ್ಸಿನಲ್ಲಿ ಡಿಗ್ರಿ ಮಾಡುತ್ತೇನೆ ಎಂದರೆ ಅವನ ಗತಿ ಏನಾಗಬೇಡ, ನೀವೇ ಹೇಳಿ.

ನನ್ನ ಹೆಂಡತಿ ಪ್ರಮೀಳೆಗೆ ಯಾವ ಯಂತ್ರ ಕಂಡರೂ ಅದರ ಹೊಟ್ಟೆಯೊಳಗೆ ಏನಿದೆ ಎಂದು ನೋಡಬೇಕು. ಮದುವೆಯಾದ ಹೊಸತರಲ್ಲೇ ನಮ್ಮಮ್ಮನ ಮಿಕ್ಸಿ ಬಿಚ್ಚಿ ಜಗಲಿಯ ತುಂಬ ಹರವಿದ್ದಳು. ಮತ್ತೆ ಜೋಡಿಸಿದಾಗ ಎರಡು ಸ್ಕ್ರೂ ಮಿಕ್ಕಿದವು. ಮಿಕ್ಸಿ ಮಾತ್ರ ಮೊದಲಿಗಿಂತ ಚೆನ್ನಾಗಿ ತಿರುಗಿತು. ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್, ನೀರಿನ ಮೋಟಾರು, ಇನ್ವರ್ಟರು ಎಲ್ಲವೂ ಸರದಿಯಂತೆ ಅವಳ ಕೈಗೆ ಸಿಕ್ಕವು. ಒಂದು ದಿನ ಮೊಬೈಲು ಹಿಡಿದುಕೊಂಡು ಬಂದು, "ನಾಳೆ ಮಳೆ ಅಂತ ಇದು ಹೇಳುತ್ತಲ್ಲ, ಹೇಗೆ ಹೇಳುತ್ತೆ?" ಎಂದಳು. "ಕಂಪನಿಯವರು ಹೇಳಿಕೊಟ್ಟಿರ್ತಾರೆ" ಎಂದೆ. "ಅದು ಉತ್ತರ ಅಲ್ಲ ಕಣ್ರೀ" ಎಂದಳು. ಆ ವರ್ಷವೇ ಮನೆಯಲ್ಲಿ ಕೂತು ಆನ್‌ಲೈನಿನಲ್ಲಿ ಓದುವ ಡಿಗ್ರಿಗೆ ಸೇರಿದಳು. ಸುದ್ದಿ ತಿಳಿದ ಪಕ್ಕದ ತೋಟದ ಸುರೇಶ ಬೇಲಿಯಾಚೆಯಿಂದಲೇ, "ಏನ್ ಮಾರಾಯ, ಹೆಂಡ್ತೀನ ಕಾಲೇಜಿಗೆ ಸೇರ್ಸಿದೀಯಂತೆ! ಪೇರೆಂಟ್ಸ್ ಮೀಟಿಂಗಿಗೆ ನೀನು ಹೋಗ್ತೀಯೋ, ನಿಮ್ಮ ಮಾವ ಬರ್ತಾರೋ?" ಎಂದು ಕೂಗಿದ. ಅವನಿಗೆ ಉತ್ತರ ಕೊಡುವ ಬದಲು, ಅಂಥ ಮೀಟಿಂಗು ನಿಜವಾಗಿ ಇದ್ದರೆ ಯಾವ ಷರ್ಟು ಹಾಕಿಕೊಳ್ಳುವುದು ಎಂದು ಚಿಂತಿಸುತ್ತ ಒಳಗೆ ಬಂದೆ.

ಅವಳು ಓದುವ ಪರಿ ನೋಡಿದರೆ ನನಗೆ ಹೊಟ್ಟೆಕಿಚ್ಚಾಗಬೇಕಿತ್ತು, ಆಗಲಿಲ್ಲ, ಬರೀ ಬೆರಗಾಯಿತು. ಬೆಳಿಗ್ಗೆ ಹಣ್ಣು ಕೊಯ್ಯುವವರ ಜೊತೆ ತೋಟದಲ್ಲಿರುವವಳು ಮಧ್ಯಾಹ್ನ ಸಿಗ್ನಲ್ಲು ಸಿಗುವ ಮೂಲೆಕೋಣೆಯ ಕಿಟಕಿಯಲ್ಲಿ ಮೇಷ್ಟ್ರ ಪಾಠ ಕೇಳುತ್ತಿದ್ದಳು. ಬರೆದ ಪ್ರೋಗ್ರಾಮು ಓಡದಿದ್ದರೆ ನಾನಾದರೆ ಲ್ಯಾಪ್‌ಟಾಪನ್ನೇ ಓಡಿಸಿಬಿಡುತ್ತಿದ್ದೆ. ಅವಳು ಅಕ್ಕಿಯಲ್ಲಿ ಕಲ್ಲು ಹುಡುಕುವವಳಂತೆ ಒಂದೊಂದೇ ಸಾಲು ಕೆದಕಿ, ತಪ್ಪು ಸಿಕ್ಕಾಗ "ಸಿಕ್ತು ಕಳ್ಳ!" ಎನ್ನುತ್ತಿದ್ದಳು. ಕಲಿತದ್ದನ್ನು ನನಗೂ ಹೇಳುವಳು. ಸ್ಟ್ಯಾಕ್ ಎಂದರೆ ಏನು ಎಂದು ಕೇಳಿದರೆ, "ನಮ್ಮ ಗೋಡೌನು. ಕೊನೇಗೆ ಹಾಕಿದ ಮೂಟೆ ಮೊದಲು ಹೊರಗೆ ಬರುತ್ತೆ. ಅದಕ್ಕೇ ಹೋದ ವರ್ಷದ ಮೆಣಸು ಇನ್ನೂ ಅಡಿಯಲ್ಲೇ ಇರೋದು." ರಿಕರ್ಶನ್ ಎಂದರೆ? "ನೀವು ಚಿಂತೆ ಮಾಡೋದು. ಒಂದು ಚಿಂತೆ ಮತ್ತೆ ತನ್ನನ್ನೇ ಕರೆದುಕೊಳ್ಳುತ್ತೆ. ಪ್ರೋಗ್ರಾಮಿನಲ್ಲಾದರೆ ಎಲ್ಲೋ ಒಂದು ಕಡೆ ನಿಲ್ಲುತ್ತೆ, ಅಷ್ಟೇ ವ್ಯತ್ಯಾಸ." ನನಗೆ ಕಂಪ್ಯೂಟರ್ ಸೈನ್ಸಿನಲ್ಲಿ ಅರ್ಥವಾದದ್ದು ಇವೆರಡೇ.

ಹೀಗೇ ಓದಿ ಓದಿ ಕೊನೆಯ ಸೆಮಿಸ್ಟರಿನ ಕೊನೆಯ ಪೇಪರಿಗೆ ಬಂದಳು. ಪರೀಕ್ಷೆಯೂ ಮನೆಯಲ್ಲೇ, ಕ್ಯಾಮೆರಾದ ಮುಂದೆ. ಅದರ ನಿಯಮಗಳನ್ನು ಅವಳು ಒಮ್ಮೆ ಓದಿದಳು. ನಾನು ಬಾಯಿಪಾಠ ಮಾಡಿದೆ. ಬರೆಯುವವರು ಕುರ್ಚಿ ಬಿಟ್ಟು ಏಳುವಂತಿಲ್ಲ. ಕೋಣೆಯಲ್ಲಿ ಇನ್ನೊಬ್ಬರು ಕಾಣುವಂತಿಲ್ಲ. ಇನ್ನೊಬ್ಬರ ದನಿ ಕೇಳಿದರೆ ಎಚ್ಚರಿಕೆ, ಮತ್ತೂ ಕೇಳಿದರೆ ಪರೀಕ್ಷೆ ಅಲ್ಲಿಗೇ ಬಂದ್. ಮುಂದಿನ ವರ್ಷದವರ ಜೊತೆ ಮತ್ತೆ ಬರೆಯಬೇಕು. ಈ ನಿಯಮ ಮಾಡಿದವರು ಯಾರೋ ಫ್ಲ್ಯಾಟಿನಲ್ಲಿ ಇರುವವರು. ನಮ್ಮ ಕಡೆ ಕೂಗದೆ ಯಾವ ಕೆಲಸವೂ ಆಗುವುದಿಲ್ಲ. ಈ ಗುಡ್ಡದಲ್ಲಿರುವವರು ಆ ಗುಡ್ಡದಲ್ಲಿರುವವರನ್ನು ಊಟಕ್ಕೆ ಕರೆಯುವುದೂ ಕೂಗಿಯೇ, ಬೈಯುವುದೂ ಕೂಗಿಯೇ. ಪರೀಕ್ಷೆಯ ದಿನ ನಾನು ನಾಯಿಯನ್ನು ಕೆಳಗೆ ಆಳುಗಳ ಮನೆಗಳ ಲೈನಿನಲ್ಲಿ ಕಟ್ಟಿಸಿದೆ, ಪಲ್ಪರ್ ನಿಲ್ಲಿಸಿದೆ, ಕುಕ್ಕರನ್ನು ಬಚ್ಚಿಟ್ಟೆ. ಪ್ರಮೀಳೆ ಬಾಗಿಲು ಹಾಕಿಕೊಳ್ಳುವಾಗ, "ಎಲ್ಲಾ ಸರಿ, ನೀವೊಬ್ರು ಸುಮ್ನಿದ್ರೆ ಸಾಕು" ಎಂದಳು.

ಅವಳು ಬರೆಯಲು ಕೂತು ಸ್ವಲ್ಪ ಹೊತ್ತಾಗಿತ್ತು. ಚಾರ್ಮಾಡಿ ಘಾಟಿಯ ಕಡೆಯಿಂದ ಕಪ್ಪನೆಯ ಮೋಡ ಎದ್ದಿತು. ಸುಗ್ಗಿಯ ಕಾಲದಲ್ಲಿ ಬರಬಾರದ ಮಳೆ. ಕಣದಲ್ಲಿ ನಮ್ಮ ವರ್ಷದ ದುಡಿಮೆಯೆಲ್ಲ, ಸಿಪ್ಪೆ ಸುಲಿದು ತೊಳೆದು ಹರವಿದ ಪಾರ್ಚ್‌ಮೆಂಟು ಕಾಫಿ, ಇನ್ನೇನು ಒಣಗಿತು ಎನ್ನುವ ಹದದಲ್ಲಿತ್ತು. ಇನ್ನೊಮ್ಮೆ ನೆನೆದರೆ ಬಣ್ಣ ಕೆಟ್ಟು, ಮುಗ್ಗಲು ವಾಸನೆ ಹಿಡಿಯುತ್ತದೆ, ಆಮೇಲೆ ಕೊಳ್ಳುವವರಿರುವುದಿಲ್ಲ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ನಡೆಯುವ ಪದ್ಧತಿ ಹೀಗಿದೆ: ನಾನು "ಮಳೇ... ಮಳೇ..." ಎಂದು ತೋಟವೆಲ್ಲ ಕೇಳುವಂತೆ ಕಿರುಚುತ್ತೇನೆ, ಪ್ರಮೀಳೆ ಎಲ್ಲಿದ್ದರೂ ಓಡಿ ಬಂದು ಯಾರು ಯಾವ ಮೂಲೆ ಹಿಡಿಯಬೇಕೆಂದು ಹೇಳುತ್ತಾಳೆ, ಆಳುಗಳು ಟಾರ್ಪಾಲು ಎಳೆಯುತ್ತಾರೆ, ನಾನು ಕಿರುಚುತ್ತಲೇ ಇರುತ್ತೇನೆ. ಕಣ ಇರುವುದು ಆ ಮೂಲೆಕೋಣೆಯ ಕಿಟಕಿಯ ಕೆಳಗೇ. ಬಾಯಿ ತೆರೆದೆ. ಮುಚ್ಚಿದೆ. ಇಷ್ಟು ಕಷ್ಟದ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ.

ಬರಿಗಾಲಲ್ಲಿ ತೋಟಕ್ಕೆ ಓಡಿ, ಮೇಸ್ತ್ರಿ ಕೃಷ್ಣಪ್ಪನ ಭುಜ ಹಿಡಿದು ಅಲ್ಲಾಡಿಸಿ, ಆಕಾಶ ತೋರಿಸಿ, ಕಣ ತೋರಿಸಿ, ಬಾಯಿಯ ಮೇಲೆ ಬೆರಳಿಟ್ಟೆ. ಅವನ ಮುಖ ಬಿಳಿಚಿಕೊಂಡಿತು. "ಗೌಡ್ರೇ, ಯಾರಾದ್ರೂ ತೀರ್ಕೊಂಡ್ರಾ?" ಎಂದ, ಪಿಸುಮಾತಿನಲ್ಲಿ.

"ಇಲ್ಲ ಮಾರಾಯ, ಅಮ್ಮಂಗೆ ಪರೀಕ್ಷೆ. ಸದ್ದಾದ್ರೆ ಫೇಲು."

ಅವನು ಒಂದು ಕ್ಷಣ ನನ್ನನ್ನು ನೋಡಿದ. ಆಮೇಲೆ ತಾನೂ ಬಾಯಿಯ ಮೇಲೆ ಬೆರಳಿಟ್ಟು ಹಣ್ಣು ಕೊಯ್ಯುತ್ತಿದ್ದ ಹೆಂಗಸರತ್ತ ತಿರುಗಿದ. ಅವರು ಕೊಯ್ಲಿನ ಚೀಲ ಕೆಳಗಿಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು, ನಗು ತಡೆಯಲಾರದೆ ಭುಜ ಕುಣಿಸುತ್ತ ಸಾಲಾಗಿ ಇಳಿದು ಬಂದರು. ಕಾಫಿಯನ್ನು ರಾಶಿಗೆ ಎಳೆದರು. ಟಾರ್ಪಾಲು ಬಿಚ್ಚಿದರು. ಗಾಳಿಗೆ ಒಂದು ಅಂಚು ಹಾರಿ ನನ್ನ ತಲೆಯ ಮೇಲೆ ಬಿತ್ತು. ಒಳಗೇ ಕತ್ತಲಲ್ಲಿ ನಿಂತು ಕೆಮ್ಮು ನುಂಗಿದೆ. ಯಾರೋ ನನ್ನನ್ನು ಹೊರಗೆಳೆದು, ಅಡ್ಡ ಬರದ ಹಾಗೆ ಒಂದು ಮೂಲೆಯ ಮೇಲೆ ಕಲ್ಲಿನ ಬದಲು ಕೂರಿಸಿದರು. ದಪ್ಪ ಹನಿ ಬಿದ್ದಾಗ ಕಣ ಮುಚ್ಚಿತ್ತು. ಒಂದು ಅಂಚು ಸ್ವಲ್ಪ ನೆನೆಯಿತು, ಆಮೇಲೆ ನಾನು.

ಮಳೆ ನಿಂತ ಮೇಲೆ ಪ್ರಮೀಳೆ ಹೊರಗೆ ಬಂದಳು. ಕಣ ನೋಡಿದಳು, ಹೆಂಗಸರನ್ನು ನೋಡಿದಳು, ಟಾರ್ಪಾಲಿನ ಮೂಲೆಯಲ್ಲಿ ತೊಟ್ಟಿಕ್ಕುತ್ತಿದ್ದ ನನ್ನನ್ನು ನೋಡಿದಳು. "ಅಯ್ಯೋ, ಇಷ್ಟು ದೊಡ್ಡ ಮಳೆಯಾ! ಹಂಚಿನ ಮೇಲೆ ಸದ್ದಾಯ್ತು. ಎದ್ದೇಬಿಡ್ತಿದ್ದೆ. ಆದ್ರೆ ನಿಮ್ಮ ಕೂಗು ಕೇಳಲಿಲ್ಲ. ನಾಲ್ಕು ಹನಿ ಬಿದ್ರೂ ಆಕಾಶವೇ ಬಿದ್ದಂಗೆ ಕೂಗೋರು ಸುಮ್ನಿದಾರೆ ಅಂದ್ರೆ ಏನೂ ಇಲ್ಲ ಅಂತ ಬರೀತಾ ಕೂತೆ."

"ಬರೆದ್ಯಾ?"

"ಎಲ್ಲಾ ಬರೆದೆ" ಎಂದು ನಕ್ಕಳು. ಹೆಂಗಸರು ಅಷ್ಟು ಹೊತ್ತು ಕಟ್ಟಿಟ್ಟ ದನಿಯನ್ನೆಲ್ಲ ಒಟ್ಟಿಗೆ ಬಿಟ್ಟು ಕೇಕೆ ಹಾಕಿದರು.

ಪ್ರಮೀಳೆ ಪಾಸಾದಳು, ಅದೂ ಒಳ್ಳೆಯ ದರ್ಜೆಯಲ್ಲಿ. ಸುರೇಶನಿಗೆ ನಾನೇ ಬೇಲಿಯವರೆಗೆ ಹೋಗಿ ಕೂಗಿ ಹೇಳಿ ಬಂದೆ. ಆದರೆ ಆ ದಿನ ನಾವು ಕಣ ಮುಚ್ಚಿದಷ್ಟು ಬೇಗ ಹಿಂದೆ ಯಾವತ್ತೂ ಮುಚ್ಚಿರಲಿಲ್ಲ ಎಂಬುದು ತೋಟದಲ್ಲಿ ಎಲ್ಲರಿಗೂ ಗೊತ್ತಾಗಿಬಿಟ್ಟಿತು. ಈಗ ಪರೀಕ್ಷೆ ಇಲ್ಲ, ಕ್ಯಾಮೆರಾ ಇಲ್ಲ. ಆದರೂ ಘಾಟಿಯ ಕಡೆ ಮೋಡ ಕಂಡರೆ ಕೃಷ್ಣಪ್ಪ ಟಾರ್ಪಾಲಿನತ್ತ ಓಡುವ ಮೊದಲು ನನ್ನ ಕಡೆ ತಿರುಗಿ, ಬಲು ಮರ್ಯಾದೆಯಿಂದ, ಬಾಯಿಯ ಮೇಲೆ ಬೆರಳಿಡುತ್ತಾನೆ. ನಾನು ಹೋಗಿ ನನ್ನ ಮೂಲೆಯಲ್ಲಿ ಕೂರುತ್ತೇನೆ.