ಸಾಬಣ್ಣನ ಗ್ರೀಸು

ಮನೆಯಲ್ಲಿ ಏನಾದರೂ ಕೆಟ್ಟರೆ ನಾನು ಮೊದಲು ಹುಡುಕುವುದು ಸ್ಕ್ರೂ ಡ್ರೈವರನ್ನಲ್ಲ, ಕೆಡಿಸಿದವರನ್ನು. ಮಿಕ್ಸಿ ನಿಂತರೆ ಹೆಂಡತಿ, ಫ್ಯಾನು ನಿಂತರೆ ಕರೆಂಟಿನವರು, ಹಾಲು ಒಡೆದರೆ ಎಮ್ಮೆ. ಅಪರಾಧಿ ಸಿಕ್ಕರೆ ಸಾಕು, ವಸ್ತು ರಿಪೇರಿಯಾಗದಿದ್ದರೂ ನನಗೆ ಅರ್ಧ ಸಮಾಧಾನ. ಇಪ್ಪತ್ತು ವರ್ಷದಿಂದ ಹೈಸ್ಕೂಲಿನ ವಿಜ್ಞಾನ ಮಾಸ್ತರನಾಗಿದ್ದೇನೆ. ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂದು ಮಕ್ಕಳಿಗೆ ಹೇಳಿ ಹೇಳಿ, ಆ ಕಾರಣ ಯಾವಾಗಲೂ ಇನ್ನೊಬ್ಬರ ಮನೆಯಲ್ಲಿರುತ್ತದೆ ಎಂಬ ನಂಬಿಕೆ ನನಗೆ ಯಾವಾಗ ಬಂತೋ ತಿಳಿಯದು.

ಸೇಡಂನ ನಮ್ಮ ಓಣಿಯಲ್ಲಿ ನಾನು ಹೆಸರಾಗಿರುವುದು ಮಾತ್ರ ಪಾಠದಿಂದಲ್ಲ, ಮೋಟಾರ್ ಸೈಕಲ್ ತೊಳೆಯುವುದರಿಂದ. ಇದು ಸಿಮೆಂಟ್ ಕಾರ್ಖಾನೆಗಳ ಸೀಮೆ. ಹೊರಗೆ ನಿಲ್ಲಿಸಿದ ಗಾಡಿ ಬೆಳಗಾಗುವಷ್ಟರಲ್ಲಿ ಬೂದಿ ಬಳಿದುಕೊಂಡಿರುತ್ತದೆ. ಉಳಿದವರು ಒಂದು ಬಟ್ಟೆಯಿಂದ ಝಾಡಿಸಿ ಹೋಗುತ್ತಾರೆ. ನಾನು ಬೋರಿನ ಮೋಟಾರು ಹಚ್ಚಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ, ಸಂದಿಗೊಂದಿಗೆಲ್ಲ ನೀರು ಹೊಡೆಯುತ್ತೇನೆ. ಹೊಡೆಯುತ್ತಲೇ ಓಣಿಯ ಬೇರೆ ಗಾಡಿಗಳನ್ನು ನೋಡಿ ಅವುಗಳ ಯಜಮಾನರಿಗೆ ಮನಸ್ಸಿನಲ್ಲೇ ಅಂಕ ಹಾಕುತ್ತೇನೆ. ಹೆಚ್ಚಿನವರು ಫೇಲು.

ಅಂಥ ಗಾಡಿ ಈ ವರ್ಷ, ನಾನು ಶಾಲೆಗೆ ಹೋಗುವ ಕುರಕುಂಟಾ ಊರಿನ ದಾರಿಯಲ್ಲಿ ಕಿರ್ರೆನ್ನತೊಡಗಿತು. ಹಿಂದಿನ ಚಕ್ರವನ್ನು ಹಿಡಿದುಕೊಂಡು, ತಗ್ಗು ಬಂದಾಗ ಮೇಲೆ ಕೆಳಗೆ ಆಡುವ ಕಬ್ಬಿಣದ ತೋಳೊಂದಿರುತ್ತದೆ. ಸ್ವಿಂಗ್ ಆರ್ಮ್ ಎನ್ನುತ್ತಾರೆ. ಅದರ ಬುಡದಲ್ಲಿ ಬೇರಿಂಗ್. ನನ್ನ ಗಾಡಿಯ ಬೇರಿಂಗ್ ಹಿಡಿದುಕೊಂಡು, ತೋಳು ಆಡುವುದನ್ನೇ ಬಿಟ್ಟಿತು. ರಸ್ತೆಯ ತಗ್ಗೆಲ್ಲ ನೇರವಾಗಿ ನನ್ನ ನಡುವಿಗೆ ಬರತೊಡಗಿತು. ನಮ್ಮ ರಸ್ತೆಗಳನ್ನು ಬಲ್ಲವರು ನನ್ನ ನಡುವಿನ ಗತಿಯನ್ನು ಊಹಿಸಬಲ್ಲರು.

ಮೂರು ತಿಂಗಳ ಹಿಂದೆ ಇದೇ ತೋಳನ್ನು ಬಿಚ್ಚಿ, ಗ್ರೀಸ್ ಹಾಕಿ ಕೊಟ್ಟವನು ಬಸ್ ಸ್ಟ್ಯಾಂಡ್ ಹಿಂದಿನ ಮೆಕ್ಯಾನಿಕ್ ಸಾಬಣ್ಣ. ಕಾಗಿಣಾ ನದಿಯ ದಂಡೆಯ ಹಳೆಯ ಮನೆತನದವನು, ಮಾತು ಕಡಿಮೆ. ನನಗೆ ಅಪರಾಧಿ ಸಿಕ್ಕ. ಅವನ ಅಂಗಡಿಯ ಎದುರಿಗೇ ನಾಗಪ್ಪನ ಚಹಾ ಹೋಟೆಲು. ಅಲ್ಲಿ ಹತ್ತು ಜನರ ಮುಂದೆ, ಸಾಬಣ್ಣನಿಗೂ ಕೇಳುವಂತೆ ಭಾಷಣ ಮಾಡಿದೆ. "ಗ್ರೀಸ್ ಹಾಕೀನಿ ಅಂತಾನ. ಎಲ್ಲಿ ಹಾಕ್ಯಾನ? ತಲಿಗಿ ಹಚ್ಕೊಂಡಿರಬೇಕು! ಇವನ ಕೈಯಾಗ ಯಾರೂ ಗಾಡಿ ಕೊಡಬ್ಯಾಡ್ರಿ." ಜನ ನಕ್ಕರು. ಸಾಬಣ್ಣ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು, "ಹಾಕೀನ್ರಿ ಸರ್" ಎಂದು ಒಂದೇ ಮಾತು ಹೇಳಿ ಮತ್ತೆ ಕೆಲಸಕ್ಕೆ ಬಗ್ಗಿದ. ಬಗ್ಗಿದ್ದನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ.

ಅಷ್ಟು ಆಡಿದ ಮೇಲೆ ಅವನ ಹತ್ತಿರ ಹೋಗುವಂತಿಲ್ಲ. ಭಾನುವಾರ ಅಂಗಳದಲ್ಲಿ ನಾನೇ ಬಿಚ್ಚಲು ಕೂತೆ. ಮೊಬೈಲಿನಲ್ಲಿ ಯಾರೋ ಪುಣ್ಯಾತ್ಮ ಎರಡೇ ಏಟಿಗೆ ಬೇರಿಂಗ್ ಹೊರಗೆ ಹಾಕಿದ್ದನ್ನು ನೋಡಿದ್ದೆ. ನನ್ನ ಎರಡು ಏಟಿಗೆ ಸುತ್ತಿಗೆಯ ಹಿಡಿಕೆ ಹೊರಗೆ ಬಂತು. ಸೀಮೆಎಣ್ಣೆ ಸುರಿದೆ, ಕೊಬ್ಬರಿ ಎಣ್ಣೆ ಸುರಿದೆ, ಕುದಿಯುವ ನೀರು ಸುರಿದೆ. ಹೆಂಡತಿ ಬಾಗಿಲಲ್ಲಿ ನಿಂತು, "ಬಾಣಂತಿಗೂ ಇಷ್ಟು ಮಾಡಂಗಿಲ್ರಿ" ಎಂದಳು. ಸಂಜೆಯ ಹೊತ್ತಿಗೆ ಬೇರಿಂಗಿನ ಒಳಗಿನ ಸಣ್ಣ ಉಕ್ಕಿನ ಕಡ್ಡಿಗಳು ಜೀರಿಗೆಯಂತೆ ಉದುರಿದವು. ಹೊರಗಿನ ಬಳೆ ಮಾತ್ರ ತೋಳಿನೊಳಗೆ ಕಚ್ಚಿಕೊಂಡು ಕೂತಿತು.

ಅದನ್ನು ಬಿಡಿಸಲು ಇನ್ನು ವೆಲ್ಡಿಂಗಿನವರೇ ಗತಿ, ಆದರೆ ಸೇಡಂನಲ್ಲಿ ವೆಲ್ಡಿಂಗ್ ಮಾಡುವವರೆಲ್ಲ ಸಾಬಣ್ಣನ ದೋಸ್ತರು. ಹೀಗಾಗಿ ಆ ತೋಳನ್ನು ಚಾದರದಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು, ರೈಲಿನಲ್ಲಿ ಚಿತ್ತಾಪುರ ದಾಟಿ, ವಾಡಿಯಲ್ಲಿ ರೈಲು ಬದಲಿಸಿ ಶಹಾಬಾದಿಗೆ ಹೋದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು, "ಕೂಸಿಗಿ ಎಷ್ಟು ತಿಂಗಳ್ರಿ?" ಎಂದು ಅಕ್ಕರೆಯಿಂದ ಕೇಳಿದಳು. ಮುಸುಕು ತೆಗೆದು ತೋರಿಸುವ ಧೈರ್ಯ ನನಗಾಗಲಿಲ್ಲ.

ಶಹಾಬಾದಿನ ವೆಲ್ಡರ್ ಇಮಾಮಸಾಬ್ ವಯಸ್ಸಾದ ಮನುಷ್ಯ. ಸುತ್ತಿಗೆ ಮುಟ್ಟಲೇ ಇಲ್ಲ. ಕಚ್ಚಿಕೊಂಡಿದ್ದ ಬಳೆಯ ಒಳಮೈಗೆ ಸುತ್ತಲೂ ಒಂದು ಗೆರೆ ವೆಲ್ಡಿಂಗ್ ಎಳೆದು, "ಕುಂದ್ರಿ, ಆರಲಿ" ಎಂದರು. ಆರಿದಂತೆ ಬಳೆ ಕುಗ್ಗಿತು. ತೋಳನ್ನು ತಲೆಕೆಳಗು ಮಾಡಿದರೆ ಟಣ್ ಎಂದು ತಾನೇ ಬಿತ್ತು. ನಾನು ಸಾಬಣ್ಣನ ಕಥೆ ಶುರು ಮಾಡುವಷ್ಟರಲ್ಲಿ ಅವರು ಒಳಗಿನಿಂದ ಬಿಳಿ ಬೂದಿ ಬಣ್ಣದ ಒಂದು ಚೂರನ್ನು ಕೆರೆದು ನನ್ನ ಅಂಗೈ ಮೇಲಿಟ್ಟರು.

"ಇದು ಜಂಗು-ತುಕ್ಕು ಅಲ್ರಿ, ಸಿಮೆಂಟ್. ಗಾಡಿ ದಿನಾ ತೊಳಿತೀರೇನು?"

"ದಿನಾ" ಎಂದೆ, ಹೆಮ್ಮೆಯಿಂದಲೇ.

"ಪೈಪ್ ಹಿಡದು?"

"ಹೌದ್ರಿ."

"ಮತ್ತ? ಧೂಳಿಗಿ ನೀವೇ ನೀರು ಕುಡಿಸಿ ಒಳಗ ಕಳಸೀರಿ. ಗಟ್ಟಿ ಆಗ್ಯಾದ. ಈ ಮೂಲ್ಯಾಗ ನೋಡ್ರಿ, ಗ್ರೀಸ್ ಇನ್ನಾ ಅದ. ಹಾಕಿದಾಂವ ಭಾಳ ಛಲೋ ಹಾಕ್ಯಾನ, ಅದಕ್ಕೇ ಮೂರು ತಿಂಗಳರೆ ಬಂತು."

ಸಿಮೆಂಟು ಗಟ್ಟಿಯಾಗಲು ನೀರು ಬೇಕು ಎಂಬ ಪಾಠವನ್ನು ನಾನು ಇಪ್ಪತ್ತು ಸಲ ಮಾಡಿದ್ದೇನೆ. ಪ್ರಯೋಗ ಮಾಡಿದ್ದು ಇದೇ ಮೊದಲು.

ವಾಪಸು ಬರುವ ದಾರಿಯುದ್ದಕ್ಕೂ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚು ಭಯ. ಮಾಸ್ತರರು ಹೇಳಿದ್ದಾರೆ ಎಂದು ಊರಿನವರು ಸಾಬಣ್ಣನ ಅಂಗಡಿ ಬಿಟ್ಟುಬಿಟ್ಟಿದ್ದರೆ? ಅವನ ಮನೆ ನಡೆಯುವುದು ಆ ಎರಡು ಕೈಗಳಿಂದ. ಮಾರನೆಯ ದಿನ ಮಧ್ಯಾಹ್ನ, ಯಾರೂ ಇಲ್ಲದ ಹೊತ್ತು ನೋಡಿ ಅವನ ಅಂಗಡಿಗೆ ಹೋದೆ. ಟೈರುಗಳ ಮರೆಗೆ ಕರೆದು, ದನಿ ತಗ್ಗಿಸಿ, ಎಲ್ಲ ಹೇಳಿ, "ತಪ್ಪಾಯ್ತಪ್ಪ" ಎಂದೆ.

ಸಾಬಣ್ಣ ಕೈ ಒರೆಸಿಕೊಳ್ಳುತ್ತ ಕೇಳಿಸಿಕೊಂಡ. ಆಮೇಲೆ ಅಂದ: "ಸರ್, ಬೈಯೂವಾಗ ಹತ್ತು ಮಂದಿ ಮುಂದ ಬೈದ್ರಿ. ಮಾಫಿ ಯಾಕ ಮೂಲ್ಯಾಗ ಕೇಳ್ಲಿಕತ್ತೀರಿ?"

ಸಂಜೆ ನಾಗಪ್ಪನ ಹೋಟೆಲು ತುಂಬಿದಾಗ ಹೋಗಿ ನಿಂತೆ. ಎದುರಿಗೆ ಸಾಬಣ್ಣ ತನ್ನ ಅಂಗಡಿಯಲ್ಲಿ ನಿಂತು ನೋಡುತ್ತಿದ್ದ. ಎಲ್ಲರಿಗೂ ಕೇಳುವಂತೆ, "ಸಾಬಣ್ಣಂದು ಏನೂ ತಪ್ಪಿಲ್ಲ. ಗಾಡಿ ಕೆಡಿಸಿದಾಂವ ನಾನೇ. ಅವತ್ತು ನಾ ಅಂದದ್ದೆಲ್ಲ ಸುಳ್ಳು" ಎಂದೆ. ಊರು ಬೆಚ್ಚಿಬೀಳುತ್ತದೆ ಎಂದುಕೊಂಡಿದ್ದೆ. ಚಹಾದಲ್ಲಿ ಬಿಸ್ಕೀಟು ಅದ್ದುತ್ತಿದ್ದವನೊಬ್ಬ ಅದ್ದುತ್ತಲೇ ಇದ್ದ.

ನಾಗಪ್ಪ ಚಹಾ ಸೋಸುತ್ತ ತಲೆಯೆತ್ತದೆ ಹೇಳಿದ: "ಅದು ಅವತ್ತೇ ಗೊತ್ತಿತ್ತಲ್ರಿ ಸರ್. ನಿಮ್ಮ ಮಾತು ಯಾರು ನಂಬ್ಯಾರ? ಮರುದಿನಾನೇ ನನ್ನ ಗಾಡಿ ಅವನ ಹತ್ರಾನೇ ಬಿಟ್ಟಿದ್ದೆ." ಉಳಿದವರೂ ಹೌದೆಂದು ತಲೆಯಾಡಿಸಿದರು. ರಸ್ತೆಯಾಚೆ ಸಾಬಣ್ಣ ಮೊದಲ ಸಲ ನಕ್ಕ.

ಒಬ್ಬನ ಹೊಟ್ಟೆಯ ಮೇಲೆ ಹೊಡೆದಿಲ್ಲವಲ್ಲ ಎಂದು ನನ್ನ ಮನಸ್ಸು ಹಗುರಾಗಬೇಕಿತ್ತು. ಆಯಿತು ಕೂಡ, ಅರ್ಧ ಕಪ್ ಚಹಾ ಮುಗಿಯುವವರೆಗೆ. ಆಮೇಲೆ ಒಳಗೊಳಗೇ ಉರಿಯತೊಡಗಿತು. ಅಲ್ಲಿದ್ದವರಲ್ಲಿ ನಾಲ್ವರು ನನ್ನ ಕೈಯಲ್ಲೇ ವಿಜ್ಞಾನ ಕಲಿತವರು. ಅವರಲ್ಲಿ ಒಬ್ಬನಾದರೂ ನನ್ನನ್ನು ನಂಬಬಾರದಿತ್ತೆ?